ಬುಧವಾರ ರಾತ್ರಿ 8 ಗಂಟೆ: ಹಾಡಿಗೆ ಕಾಗದ ಬರೆದು ಜಗಳಾಡಿದವರ ಕಥೆ

ಹೋದ ವಾರ ನಮ್ಮ ಫ್ರೆಂಡ್ಸ್ ಗ್ರೂಪಿನಲ್ಲಿ ಒಂದು ಹೊಸ ಆಲ್ಬಮ್ ಬಗ್ಗೆ ರಾತ್ರಿ ಒಂದೂವರೆವರೆಗೂ ಜಗಳ. ಒಬ್ಬ "ಮೂರನೇ ಹಾಡು ಬಿಟ್ರೆ ಉಳಿದಿದ್ದೆಲ್ಲ ವೇಸ್ಟ್" ಅಂದ. ಇನ್ನೊಬ್ಬಳು "ನಿಂಗೆ ಕಿವಿನೇ ಇಲ್ಲ ಬಿಡು" ಅಂದ್ಲು. ಬೆಳಗ್ಗೆ ಎದ್ದು ನೋಡಿದ್ರೆ ಇನ್ನೂರು ಚಿಲ್ಲರೆ ಮೆಸೇಜು. ಆಗ ನನಗೆ ನಮ್ಮ ತಾತ ನೆನಪಾದ್ರು. ತುಮಕೂರಿನಲ್ಲಿದ್ದ ಅವರಿಗೆ ಹಿಂದಿ ಅಷ್ಟಕ್ಕಷ್ಟೇ. ಆದರೂ ಬುಧವಾರ ರಾತ್ರಿ ಎಂಟಕ್ಕೆ ಮನೆಯಲ್ಲಿ ಯಾರೂ ತುಟಿ ಪಿಟಿಕ್ ಅನ್ನೋ ಹಾಗಿರಲಿಲ್ಲವಂತೆ. ರೇಡಿಯೋ ಸಿಲೋನ್‌ನಲ್ಲಿ ಬಿನಾಕಾ ಗೀತ್‌ಮಾಲಾ ಬರ್ತಿತ್ತು. ಇವತ್ತಿನ ಎಪಿಸೋಡ್ ಅದರದ್ದೇ.

ಈ ಕಥೆ ಶುರುವಾಗೋದು ದೆಹಲಿಯಲ್ಲಿ. 1952ರಲ್ಲಿ ಬಿ.ವಿ. ಕೇಸ್ಕರ್ ಅನ್ನೋರು ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಶಾಸ್ತ್ರೀಯ ಸಂಗೀತ ಬಲ್ಲವರು. ಸಿನಿಮಾ ಹಾಡು ಕೇಳಿ ಕೇಳಿ ಜನರ ಅಭಿರುಚಿ ಕೆಡ್ತಿದೆ ಅನ್ನೋದು ಅವರ ಗಟ್ಟಿ ನಂಬಿಕೆ. ಹಾಗಾಗಿ ರೇಡಿಯೋದಲ್ಲಿ ಸಿನಿಮಾ ಹಾಡಿನ ಪಾಲಿಗೆ ಕತ್ತರಿ ಬಿತ್ತು. ಹಾಡಿನ ಜೊತೆ ಸಿನಿಮಾ ಹೆಸರು ಹೇಳಿದ್ರೆ ಅದು ಪುಕ್ಕಟೆ ಜಾಹೀರಾತು ಆಗುತ್ತೆ, ಹೇಳಬೇಡಿ ಅಂತಲೂ ಆಯ್ತು. ನಿರ್ಮಾಪಕರಿಗೆ ಸಿಟ್ಟು ಬಂತು, ಹಾಡು ಹಾಕೋಕೆ ಕೊಟ್ಟಿದ್ದ ಅನುಮತಿಯನ್ನೇ ವಾಪಸ್ ತಗೊಂಡ್ರು. ಸರ್ಕಾರಿ ರೇಡಿಯೋದಿಂದ ಸಿನಿಮಾ ಹಾಡು ಹೆಚ್ಚುಕಮ್ಮಿ ಮಾಯವಾಯ್ತು.

ಕೇಸ್ಕರ್ ಅವರನ್ನ ಪೂರ್ತಿ ವಿಲನ್ ಮಾಡೋಕೆ ನನಗೆ ಮನಸ್ಸಿಲ್ಲ. ರಾಜರ ಆಸ್ಥಾನಗಳು ಮುಚ್ಚಿಹೋಗಿದ್ದ ಕಾಲದಲ್ಲಿ ಎಷ್ಟೋ ವಿದ್ವಾಂಸರಿಗೆ, ಉಸ್ತಾದರಿಗೆ ಅನ್ನ ಹಾಕಿದ್ದು ಇದೇ ರೇಡಿಯೋ. ಆದರೆ "ನಿಮಗೆ ಯಾವುದು ಚೆನ್ನಾಗಿದೆ ಅಂತ ನಾವು ಹೇಳ್ತೀವಿ, ನೀವು ಕೇಳಿ" ಅನ್ನೋ ಧೋರಣೆ ಇತ್ತಲ್ಲ, ಜನಕ್ಕೆ ಅದು ಇಷ್ಟವಾಗಲಿಲ್ಲ. ಅವರು ಬೀದಿಗಿಳಿದು ಧಿಕ್ಕಾರ ಕೂಗಲಿಲ್ಲ. ಸುಮ್ನೆ ರೇಡಿಯೋ ಮುಳ್ಳು ತಿರುಗಿಸಿದ್ರು.

ಮುಳ್ಳು ಹೋಗಿ ನಿಂತಿದ್ದು ಕೊಲಂಬೋದಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಅಂತ ಹಾಕಿದ್ದ ಭಾರಿ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ರೇಡಿಯೋ ಸಿಲೋನ್ ಕೈಲಿತ್ತು. ಹಾಗಾಗಿ ತುಮಕೂರಲ್ಲೂ ಕೇಳಿಸ್ತಿತ್ತು, ಬಿಹಾರದಲ್ಲೂ ಕೇಳಿಸ್ತಿತ್ತು. ಅಲ್ಲಿ ಜಾಹೀರಾತಿಗೂ ಅಡ್ಡಿಯಿಲ್ಲ. ಬಿನಾಕಾ ಅನ್ನೋದು ಟೂತ್‌ಪೇಸ್ಟ್ ಹೆಸರು. 1952ರ ಡಿಸೆಂಬರ್ 3ರಂದು ಮೊದಲ ಗೀತ್‌ಮಾಲಾ ಬಂತು. ನಡೆಸಿಕೊಟ್ಟಿದ್ದು ಇನ್ನೂ 20 ತುಂಬದ ಹುಡುಗ, ಅಮೀನ್ ಸಯಾನಿ. ವಾರಕ್ಕೆ 25 ರೂಪಾಯಿ ಸಂಬಳ. ಮುಂಬೈಯಲ್ಲಿ ರೆಕಾರ್ಡ್ ಮಾಡಿ ವಿಮಾನದಲ್ಲಿ ಕೊಲಂಬೋಗೆ ಕಳಿಸ್ತಿದ್ರು.

ಶುರುವಿನಲ್ಲಿ ಅದು ಬರೀ ಒಂದು ಸ್ಪರ್ಧೆ. ಏಳು ಹಾಡು ಹಾಕ್ತಿದ್ರು, ಯಾವುದು ಮೊದಲು ಬಂದಿದ್ದು, ಯಾವುದು ಆಮೇಲೆ ಅಂತ ಕೇಳುಗರು ಸಾಲಾಗಿ ಬರೆದು ಕಳಿಸಬೇಕು. ಬಹುಮಾನ 100 ರೂಪಾಯಿ. ಐವತ್ತೋ ನೂರೋ ಕಾಗದ ಬಂದ್ರೆ ದೊಡ್ಡದು ಅಂದುಕೊಂಡಿದ್ರೆ, ಮೊದಲ ಕಾರ್ಯಕ್ರಮಕ್ಕೇ 9,000 ಬಂತು! ಮುಂದೆ ವಾರಕ್ಕೆ 65,000 ತನಕ ಹೋಯ್ತು. ಅಷ್ಟನ್ನ ತೆರೆದು ನೋಡೋದು ಆಗದ ಮಾತು. ಕೊನೆಗೆ ಸ್ಪರ್ಧೆ ಬಿಟ್ಟು, 1954ರಲ್ಲಿ ಜನಪ್ರಿಯತೆ ಮೇಲೆ ಹಾಡುಗಳಿಗೆ ನಂಬರ್ ಕೊಡೋದು ಶುರು ಮಾಡಿದ್ರು.

ಇಲ್ಲಿಂದ ಮುಂದಿನದ್ದು, ಬಿ.ಕಾಂ ಓದಿದ ನನಗೆ ತುಂಬಾ ಇಷ್ಟವಾದ ಭಾಗ. ಜನಪ್ರಿಯತೆಯನ್ನ ಅಳೆಯೋದು ಹೇಗೆ? ರೆಕಾರ್ಡ್ ಅಂಗಡಿಗಳಿಂದ ಮಾರಾಟದ ಲೆಕ್ಕ ತರಿಸಿದ್ರು. ಸರಳವಾಗಿ ಕಾಣುತ್ತೆ, ಅಲ್ವಾ? ಆದರೆ ಒಂದು ಹಾಡು ವಿಪರೀತ ಓಡಿದ್ರೆ ಅಂಗಡಿಯಲ್ಲಿ ಅದರ ರೆಕಾರ್ಡ್ ಖಾಲಿ. ಸ್ಟಾಕ್ ಇಲ್ಲದೇ ಮಾರೋದೇನು? ಜನ ಬಂದು ಕೇಳಿ ಬರಿಗೈಲಿ ಹೋಗ್ತಾರೆ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಆ ಹಾಡು ಬಿದ್ದುಹೋಗಿದೆ. ಬೇಡಿಕೆ ಬೇರೆ, ಮಾರಾಟ ಬೇರೆ ಅಂತ ನಮ್ಮ ಲೆಕ್ಚರರ್ ಬಡಕೊಳ್ತಿದ್ದು ಇದಕ್ಕೇ. ಜೊತೆಗೆ ತಮ್ಮ ಸಿನಿಮಾ ಹಾಡು ಮೇಲೇರಲಿ ಅಂತ ಲೆಕ್ಕವನ್ನೇ ತಿರುಚೋರ ಕಾಟ. ಈಗ ದುಡ್ಡು ಕೊಟ್ಟು ವ್ಯೂಸ್ ಹೆಚ್ಚಿಸ್ತಾರಲ್ಲ, ಅದರ ಮುತ್ತಾತ ಅನ್ನಿ.

ಇನ್ನೂ ಒಂದು ವಿಷಯ. ಆಗಿನ 78 ಆರ್‌ಪಿಎಂ ರೆಕಾರ್ಡಿನ ಒಂದು ಮಗ್ಗುಲಿಗೆ ಹಿಡಿಸ್ತಿದ್ದಿದ್ದು ಸುಮಾರು ಮೂರು ನಿಮಿಷ, ಅಂದ್ರೆ ಒಂದೇ ಹಾಡು. ಹೆಚ್ಚಿನ ಮನೆಗಳಲ್ಲಿ ಗ್ರಾಮಫೋನೇ ಇರಲಿಲ್ಲ. ಮಾರಾಟವನ್ನಷ್ಟೇ ಎಣಿಸಿದ್ರೆ ದುಡ್ಡಿದ್ದೋರ ಕಿವಿಗೆ ಮಾತ್ರ ಬೆಲೆ. ಪೋಸ್ಟ್ ಕಾರ್ಡ್ ಕೊಂಡುಕೊಳ್ಳೋರ ಅಭಿಪ್ರಾಯ ಎಲ್ಲಿಗೆ ಹೋಗ್ಬೇಕು?

ಹಾಗೆ ಲೆಕ್ಕಕ್ಕೆ ಬಂದಿದ್ದು 'ಶ್ರೋತಾ ಸಂಘ'ಗಳು, ಅಂದ್ರೆ ಕೇಳುಗರ ಕ್ಲಬ್ಬುಗಳು. ಒಂದು ರೇಡಿಯೋ ಸುತ್ತ ಹತ್ತಾರು ಜನ ಕೂತು ಕೇಳೋದು, ವಾದ ಮಾಡೋದು, ಕೊನೆಗೆ ಎಲ್ಲರ ಪರವಾಗಿ ಒಂದು ಪಟ್ಟಿ ಬರೆದು ಕಳಿಸೋದು. ರಿವೈಂಡ್ ಇಲ್ಲ, ಮತ್ತೆ ಹಾಕು ಅನ್ನೋ ಹಾಗಿಲ್ಲ. ಗಾಳಿಯಲ್ಲಿ ಅಲೆ ಅಲೆಯಾಗಿ ಬರೋ ಹಾಡನ್ನ ಒಂದೇ ಸಲ ಕೇಳಿ ಅಭಿಪ್ರಾಯ ಹೇಳಬೇಕು. ನಾವು ಹತ್ತು ಸೆಕೆಂಡಿಗೆ ಸ್ಕಿಪ್ ಮಾಡಿ ಅಭಿಪ್ರಾಯ ಹೇಳ್ತೀವಲ್ಲ, ಸ್ವಲ್ಪ ನಾಚಿಕೆಯಾಯ್ತು ನನಗೆ.

ಈ ಹುಚ್ಚಿನ ರಾಜಧಾನಿ ಝುಮ್ರಿ ತಿಲೈಯಾ. ಈಗಿನ ಜಾರ್ಖಂಡ್‌ನ ಅಭ್ರಕದ ಗಣಿಗಳ ಊರು. ಅಲ್ಲಿಂದ ರೇಡಿಯೋಗಳಿಗೆ ಎಷ್ಟು ಕೋರಿಕೆ ಕಾಗದ ಹೋಗ್ತಿತ್ತು ಅಂದ್ರೆ, ಹೆಸರು ಕೇಳಿ ಕೇಳಿ ಅಂಥ ಊರೇ ಇಲ್ಲ, ಇದೆಲ್ಲ ಕಟ್ಟುಕಥೆ ಅಂದುಕೊಂಡೋರು ಬಹಳ ಜನ. ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದು, ಎದುರಾಳಿಯ ಕಾಗದ ಹೋಗದಂತೆ ಪೋಸ್ಟ್ ಆಫೀಸಿನವರ ಕೈ ಬೆಚ್ಚಗೆ ಮಾಡ್ತಿದ್ರು ಅಂತಲೂ ಕಥೆ ಇದೆ. ಅಂದ್ರೆ ಅಭಿಮಾನಿಗಳೂ ಸಾಚಾ ಅಲ್ಲ! ಅಂಗಡಿ ಲೆಕ್ಕ, ಕ್ಲಬ್ಬುಗಳ ಓಟು ಎರಡನ್ನೂ ನೋಡಬೇಕಾಗಿ ಬಂದಿದ್ದು ಸುಮ್ನೆ ಅಲ್ಲ.

ಇತ್ತ ಸರ್ಕಾರಕ್ಕೂ ಬಿಸಿ ತಟ್ಟಿತ್ತು. ಕೇಳುಗರೆಲ್ಲ ಕೊಲಂಬೋ ಕಡೆ ಹೋದ್ರೆ ಯಾರಿಗೆ ಅಂತ ಸಂಗೀತ ಕಲಿಸೋದು? 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾಯ್ತು, ಸಿನಿಮಾ ಹಾಡು ಬಾಗಿಲು ತೆರೆಸಿಕೊಂಡು ವಾಪಸ್ ಬಂತು. ಆಗಲೂ ಸಚಿವರು ಅದೇ ಕೇಸ್ಕರ್. ಬೇಕಿದ್ರೆ ತಮಾಷೆ ನೋಡಿ: 'ಆಕಾಶವಾಣಿ' ಅನ್ನೋ ಹೆಸರು ಬಂದಿದ್ದು ನಮ್ಮ ಮೈಸೂರಿನಿಂದ, ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ ರೇಡಿಯೋದಿಂದ. ಮನೆಯ ಹವ್ಯಾಸವಾಗಿ ಹುಟ್ಟಿದ ಹೆಸರು, ಜನ ಬೇರೆ ಸ್ಟೇಷನ್ ಹುಡುಕೋ ಮಟ್ಟಕ್ಕೆ ಬಿಗಿಯಾಗಿಬಿಟ್ಟಿತ್ತು.

ಗೀತ್‌ಮಾಲಾ ಮಾತ್ರ 1980ರ ದಶಕದ ಕೊನೆತನಕ ಸಿಲೋನ್‌ನಲ್ಲೇ ಇತ್ತು. ಆಮೇಲೆ ಅದೂ ವಿವಿಧ ಭಾರತಿಗೇ ಬಂತು. ಅಮೀನ್ ಸಯಾನಿ 2024ರ ಫೆಬ್ರವರಿಯಲ್ಲಿ ತೀರಿಕೊಂಡರು.

ಈ ಎಪಿಸೋಡ್ ಬರೆಯೋವಾಗ ಅಜ್ಜಿಗೆ ಫೋನ್ ಮಾಡಿ, "ತಾತ ಯಾವ ಹಾಡಿಗೆ ಕಾರ್ಡ್ ಹಾಕ್ತಿದ್ರಜ್ಜಿ?" ಅಂದೆ. "ಯಾವುದಕ್ಕೋ ಏನೋ, ಹೆಸರು ಮರೆತೋಯ್ತು ಕಣೋ. ನಾನು ಹೇಳಿದ ಹಾಡು ಬರೀರಿ ಅಂದ್ರೆ ಹೂಂ ಅಂದು, ಪೋಸ್ಟ್ ಡಬ್ಬಿ ಹತ್ರ ಹೋಗಿ ತಮಗೆ ಬೇಕಾಗಿದ್ದೇ ಬರೆದು ಹಾಕಿ ಬಂದ್ರು ನಿಮ್ ತಾತ" ಅಂದ್ರು. ಆ ಸಿಟ್ಟು ಇನ್ನೂ ಇಳಿದಿಲ್ಲ.