ಟ್ರೈಫೀನಳ ಬೊಂಬೆ

ನವರಾತ್ರಿ ಮುಗಿದ ಮೇಲೆ ಬೊಂಬೆಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಪಟ್ಟದ ಬೊಂಬೆಗಳನ್ನು ಮಾತ್ರ ನನ್ನ ಕೈಗೆ ಕೊಡುವುದಿಲ್ಲ. ಅವು ನನ್ನ ಹೆಂಡತಿಗೆ ಮದುವೆಯಲ್ಲಿ ತವರಿನವರು ಕೊಟ್ಟವು. ಅವನ್ನು ಆಕೆಯೇ ಸುತ್ತಬೇಕು. ಈ ಸಲ ಅದನ್ನು ನೋಡುತ್ತ ಕುಳಿತಿದ್ದಾಗ, ಗಂಡನ ಮನೆಯನ್ನು ಕಾಣದೆ ಒಡತಿಯೊಡನೆ ನೆಲದೊಳಗೆ 1,700 ವರ್ಷಕ್ಕೂ ಮಿಕ್ಕಿ ಮಲಗಿದ್ದ ಮತ್ತೊಂದು ಬೊಂಬೆಯ ನೆನಪಾಯಿತು. ಅದು ರೋಮ್ ನಗರದ್ದು.

1871ರಲ್ಲಿ ರೋಮ್ ಒಂದುಗೂಡಿದ ಇಟಲಿಯ ರಾಜಧಾನಿಯಾಯಿತು. ರಾಜಧಾನಿಯೆಂದ ಮೇಲೆ ಕಚೇರಿಗಳು ಬೇಕು, ಬೀದಿಗಳು ಬೇಕು, ನ್ಯಾಯಾಲಯವೂ ಬೇಕು. ಟೈಬರ್ ನದಿಯ ಬಲದಂಡೆಯಲ್ಲಿ, ಪ್ರಾತಿ ಎಂಬ ಬಯಲಿನಲ್ಲಿ, ವಾಸ್ತುಶಿಲ್ಪಿ ಕಾಲ್ದೆರೀನಿಯ ನಕ್ಷೆಯಂತೆ ನ್ಯಾಯಾಲಯದ ಮಹಾಭವನವೊಂದನ್ನು ಕಟ್ಟಲು 1889ರಲ್ಲಿ ಕೆಲಸ ನಡೆದಿತ್ತು. ಅಲ್ಲಿಯದು ನದಿ ತಂದು ಹಾಕಿದ ಮೆಕ್ಕಲು ಮಣ್ಣು. ಗಟ್ಟಿ ನೆಲ ಸಿಗಬೇಕಾದರೆ ಆಳಕ್ಕೆ ಇಳಿಯಲೇಬೇಕು. ಹಾಗೆ ಇಳಿಯುತ್ತಿದ್ದಾಗ, ಆ ವರ್ಷದ ಮೇ ತಿಂಗಳಿನಲ್ಲಿ, ಅಮೃತಶಿಲೆಯ ಎರಡು ಶವಪೆಟ್ಟಿಗೆಗಳು ಕಂಡವು. ಒಂದರ ಮೇಲೆ ಕ್ರೆಪೆರೇಯುಸ್ ಯುಹೋದುಸ್ ಎಂಬ ಹೆಸರಿತ್ತು. ಇನ್ನೊಂದರ ಮೇಲೆ ಕ್ರೆಪೆರೇಯಾ ಟ್ರೈಫೀನಾ ಎಂದು.

ಊರೊಳಗೆ ಹೂಳಬಾರದು, ಸುಡಬಾರದು ಎಂಬುದು ರೋಮನರ ಹನ್ನೆರಡು ಫಲಕಗಳ ಶಾಸನದಲ್ಲಿಯೇ ಇದ್ದ ವಿಧಿ. ಹಿಂದೆ ಈ ದಂಡೆ ಊರಿನ ಹೊರಗಿದ್ದಿತು. ಸತ್ತವರಿಗಾಗಿ ಹೊರಗೆ ಬಿಟ್ಟಿದ್ದ ನೆಲವನ್ನು ಬೆಳೆಯುತ್ತಿದ್ದ ಊರು ಈಗ ಬದುಕಿರುವವರ ವ್ಯಾಜ್ಯಗಳಿಗಾಗಿ ಅಗೆಯುತ್ತಿತ್ತು.

ಟ್ರೈಫೀನಳ ಪೆಟ್ಟಿಗೆಯ ಮುಚ್ಚಳವನ್ನು ಎತ್ತಿದಾಗ ಒಳಗೆ ನೀರು ತುಂಬಿತ್ತು. ತಿಳಿನೀರಿನ ತಳದಲ್ಲಿ ಅಸ್ಥಿಪಂಜರ. ತಲೆಬುರುಡೆಯ ಸುತ್ತ ನೀಳವಾದ ಕೂದಲು ಮೆಲ್ಲನೆ ಅಲುಗುತ್ತಿರುವಂತೆ ಕಂಡಿತು! ಸುದ್ದಿ ಊರೆಲ್ಲ ಹಬ್ಬಿತು. ನೋಡಲು ಜನ ನೆರೆದರು. ಆದರೆ ಅದು ಕೂದಲಲ್ಲ. ಜಿನುಗುನೀರಿನೊಡನೆ ಒಳಸೇರಿ ಬುರುಡೆಯ ಮೇಲೆ ಬೇರೂರಿದ ಒಂದು ಜಲಸಸ್ಯದ ಎಳೆಗಳು. ಈ ಸಂಗತಿಯನ್ನು ಬರೆದಿಟ್ಟವನು ಆಗ ರೋಮಿನ ಉತ್ಖನನಗಳನ್ನು ನೋಡಿಕೊಳ್ಳುತ್ತಿದ್ದ ಪುರಾತತ್ವಜ್ಞ ರೊಡೋಲ್ಫೋ ಲಾಂಚಾನಿ.

ಜನ ಕೂದಲನ್ನು ನೋಡಲು ಬಂದರು. ನೋಡಬೇಕಾದದ್ದು ಬೇರೆ ಇತ್ತು. ಹುಡುಗಿಯ ತಲೆ ಎಡ ಭುಜದ ಕಡೆಗೆ ವಾಲಿತ್ತು. ಆ ಕಡೆಯಲ್ಲಿ ಒಂದು ಬೊಂಬೆ. ನೀರಿನಲ್ಲಿ ನೆನೆದು ಕಪ್ಪಾಗಿದ್ದುದರಿಂದ ಅದನ್ನು ಮೊದಲು ಓಕ್ ಮರದ್ದೆಂದೇ ತಿಳಿದರು. ಆಮೇಲೆ ದಂತದ್ದೆಂದು ಗೊತ್ತಾಯಿತು. ಗೇಣುದ್ದದ ಮೈ, ಕೈಕಾಲುಗಳಿಗೆ ಕೀಲು, ತಲೆಯ ಮೇಲೆ ಮಹಾರಾಣಿ ಫೌಸ್ಟೀನಳ ಕಾಲದ ಬೆಡಗಿನ ಮುಡಿ. ಕ್ರಿ.ಶ. ಎರಡನೆಯ ಶತಮಾನದ ನಡುವಣದೆಂದು ವಿದ್ವಾಂಸರು ಕಾಲ ನಿರ್ಣಯಿಸುವುದಕ್ಕೆ ಈ ಮುಡಿಯೂ ಒಂದು ಆಧಾರ. ಬೊಂಬೆಯ ಬೆರಳಿಗೆ ಪುಟ್ಟ ಬೀಗದ ಕೈಯುಳ್ಳ ಚಿನ್ನದ ಉಂಗುರ. ಅದರದೇ ಒಡವೆಪೆಟ್ಟಿಗೆ, ಬಾಚಣಿಗೆ, ಕನ್ನಡಿ. ಬೊಂಬೆಗೂ ಒಂದು ಸಂಸಾರ!

ಟ್ರೈಫೀನಳಿಗೆ ಸುಮಾರು ಇಪ್ಪತ್ತು ವಯಸ್ಸು. ರೋಮನ್ ಹೆಣ್ಣುಮಕ್ಕಳು ಮದುವೆಗೆ ಮುನ್ನ ತಮ್ಮ ಬೊಂಬೆಗಳನ್ನು ವೀನಸ್ ದೇವಿಗೆ ಒಪ್ಪಿಸುತ್ತಿದ್ದರೆಂಬುದಕ್ಕೆ ಕವಿ ಪರ್ಸಿಯುಸನ ಮಾತಿನ ಸಾಕ್ಷ್ಯವಿದೆ. ನಮ್ಮಲ್ಲಿ ಬೊಂಬೆ ಮದುವಣಗಿತ್ತಿಯೊಡನೆ ಹೋಗುತ್ತದೆ. ಅವರಲ್ಲಿ ಬೊಂಬೆಯನ್ನು ಬಿಟ್ಟು ಮದುವಣಗಿತ್ತಿ ಹೋಗುತ್ತಾಳೆ. ಇವಳು ಬಿಟ್ಟಿರಲಿಲ್ಲ. ತಲೆಯ ಮೇಲೆ ಮಾತ್ರ ವೀನಸ್ಸಿಗೆ ಪ್ರಿಯವಾದ ಮಿರ್ಟಲ್ ಎಲೆಗಳ ದಂಡೆಯಿತ್ತು; ಒಡವೆಗಳ ನಡುವೆ 'ಫಿಲೇತುಸ್' ಎಂದು ಕೆತ್ತಿದ ಒಂದು ಉಂಗುರವಿತ್ತು. ಗ್ರೀಕಿನಲ್ಲಿ ಅದಕ್ಕೆ 'ಪ್ರಿಯ' ಎಂಬ ಅರ್ಥ. ಅವನೇ ಗೊತ್ತಾಗಿದ್ದ ವರನಿರಬೇಕೆಂದು ಹಲವರು ಊಹಿಸಿದರು. ಇಟಲಿಯ ಕವಿ ಪಾಸ್ಕೊಲಿ ಲ್ಯಾಟಿನ್ನಿನಲ್ಲಿ ಇವಳನ್ನು ಕುರಿತು ಕವಿತೆಯನ್ನೇ ಬರೆದ. ತರಗತಿಯಲ್ಲಿ ಕಾವ್ಯವನ್ನು ಪಾಠ ಹೇಳುವ ನನಗೂ ಈ ಊಹೆ ಪ್ರಿಯವೇ. ಆದರೆ ಊಹೆ ಊಹೆಯೇ.

ಇಷ್ಟಾದರೂ ಊಹಿಸುವುದಕ್ಕೆ ನಮಗೆ ಸಾಧ್ಯವಾದದ್ದು ಹೇಗೆ? ಯಾವ ವಸ್ತು ಎಲ್ಲಿತ್ತು, ತಲೆ ಯಾವ ಕಡೆ ವಾಲಿತ್ತು ಎಂಬುದನ್ನು ಒಬ್ಬಾತ ಅಲ್ಲಿಯೇ ನಿಂತು ನೋಡಿ ಬರೆದಿಟ್ಟಿದ್ದರಿಂದ. ಇಲ್ಲದಿದ್ದರೆ ಬೊಂಬೆ ಒಂದು ಬೊಂಬೆ, ಉಂಗುರ ಒಂದು ಉಂಗುರ, ಅಷ್ಟೆ. 1964ರಲ್ಲಿ ಅದೇ ರೋಮಿನ ಹೊರವಲಯದ ಗ್ರೊಟ್ಟರೋಸ್ಸಾದಲ್ಲಿ ಕಟ್ಟಡದ ಕೆಲಸ ನಡೆದಾಗ, ಸುಮಾರು ಎಂಟು ವರ್ಷದ ಹುಡುಗಿಯೊಬ್ಬಳ ದೇಹ, ಸುಗಂಧದ್ರವ್ಯಗಳಿಂದ ಕೆಡದಂತೆ ಉಳಿಸಿದ್ದು, ಸಿಕ್ಕಿತು. ಅವಳಿಗೂ ದಂತದ ಬೊಂಬೆಯಿತ್ತು. ಆದರೆ ನೋಡಬೇಕಾದವರು ಬರುವ ಮೊದಲೇ ದೇಹ ಶಿಲಾಪೆಟ್ಟಿಗೆಯಿಂದ ಹೊರಬಿದ್ದು ಅಗೆದ ಮಣ್ಣಿನ ಪಾಲಾಗಿತ್ತು. ಆ ಮಗುವಿನ ತಲೆ ಯಾವ ಕಡೆಗೆ ವಾಲಿತ್ತೆಂದು ಹೇಳುವವರಾರು? ಹಾರೆ ಹಿಡಿದವನಿಗೆ ನೆಲ ಒಂದು ತಡೆ. ಒಂದು ಗಳಿಗೆ ನಿಲ್ಲು ಎನ್ನುವವನೊಬ್ಬ ಪಕ್ಕದಲ್ಲಿದ್ದರೆ ಅದೇ ನೆಲ ಪುಸ್ತಕವಾಗುತ್ತದೆ. ಪಾಯ ತೋಡುವ ಎಲ್ಲ ಊರುಗಳಿಗೂ ಸಲ್ಲುವ ಮಾತಿದು.

ನ್ಯಾಯಾಲಯದ ಭವನ 1911ರಲ್ಲಿ ಆರಂಭವಾಯಿತು. ಟ್ರೈಫೀನಳ ಬೊಂಬೆ ಈಗ ರೋಮಿನ ಮೊಂತೆಮಾರ್ತಿನಿ ವಸ್ತುಸಂಗ್ರಹಾಲಯದಲ್ಲಿದೆ. ಅದು ಹಿಂದೆ ವಿದ್ಯುತ್ತನ್ನು ಉತ್ಪಾದಿಸುತ್ತಿದ್ದ ಕಟ್ಟಡ.

ಈ ಕತೆಯನ್ನೆಲ್ಲ ಹೇಳಿ ಮುಗಿಸಿದಾಗ ನನ್ನಾಕೆ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಾಂದ್ರೆ, ಆ ಉಂಗುರದ ಹುಡುಗ ಆಮೇಲೆ ಏನಾದ?"

"ಅದನ್ನು ಕಲ್ಲು ಹೇಳುವುದಿಲ್ಲ" ಎಂದೆ.

ಆಕೆ ಮರುಮಾತಾಡದೆ ಪಟ್ಟದ ಬೊಂಬೆಗಳಿಗೆ ಇನ್ನೊಂದು ಸುತ್ತು ಬಟ್ಟೆ ಸುತ್ತಿದಳು.