ಭಾಂಡಿವಾಲಿ ಮತ್ತು ಮುಂಬಯಿಯ ಹಳೆಬಟ್ಟೆ

ಮುಂಬಯಿಯ ಗಿರಣಿಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. 1854 ರಲ್ಲಿ ಕಾವಸ್‌ಜಿ ದಾವರ್ ಹುಟ್ಟುಹಾಕಿದ ಕಂಪನಿಯ ಗಿರಣಿ 1856 ರಲ್ಲಿ ತಾಡದೇವ್‌ನಲ್ಲಿ ಶುರುವಾಯಿತು. ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು 1982 ರ ಜನವರಿ 18 ರಂದು ಮುಷ್ಕರ ಹೂಡಿದರು. ಇದೆಲ್ಲ ನಿಮಗೂ ಗೊತ್ತಿರುವುದೇ. ಆದರೆ ಹೊಸ ಬಟ್ಟೆಯ ಚರಿತ್ರೆ ಬರೆದವರು ಹಳೆಬಟ್ಟೆಯ ಗೋಜಿಗೆ ಹೋದದ್ದು ಕಡಿಮೆ. ಆ ಚರಿತ್ರೆಯನ್ನು ತಲೆಯ ಮೇಲೆ ಹೊತ್ತು ತಿರುಗಿದವರು ಭಾಂಡಿವಾಲಿಯರು.

ಭಾಂಡಿ ಎಂದರೆ ಮರಾಠಿಯಲ್ಲಿ ಪಾತ್ರೆಗಳು. ಹಳೆಬಟ್ಟೆ ಪಡೆದು ಪಾತ್ರೆ ಕೊಡುವವಳೇ ಭಾಂಡಿವಾಲಿ. ಮರಾಠಿಗರು ಬೋಹಾರೀಣ್ ಎಂದೂ ಅನ್ನುತ್ತಾರೆ. ಇವರಲ್ಲಿ ಬಹಳ ಮಂದಿ ಗುಜರಾತ್ ಮೂಲದ ವಾಘ್ರಿ ಸಮುದಾಯದವರು, ತಮ್ಮನ್ನು ದೇವೀಪೂಜಕರು ಎಂದು ಕರೆದುಕೊಳ್ಳುವವರು. ನಾನು ಈ ಊರಿಗೆ ಬಂದ ಹೊಸತರಲ್ಲಿ ನಮ್ಮ ಚಾಳಿನ ಹೆಂಗಸರಿಗೆ ಮಧ್ಯಾಹ್ನದ ಮನರಂಜನೆಯೆಂದರೆ ಇವಳೊಡನೆ ಚೌಕಾಸಿ. ಎರಡು ಸೀರೆ, ಮೂರು ಪ್ಯಾಂಟು ಇಟ್ಟರೂ "ಏಕ್ ಔರ್ ಡಾಲೋ ಭಾಭಿ" ಎನ್ನುವಳು. ಡಬ್ಬಿಯ ಮುಚ್ಚಳ ತಟ್ಟಿ ನೋಡುವುದು ಇವರ ಸರದಿ, ಪ್ಯಾಂಟಿನ ಮಂಡಿಯನ್ನು ಬೆಳಕಿಗೆ ಹಿಡಿದು ನೋಡುವುದು ಅವಳ ಸರದಿ!

ಆಮೇಲಿನ ಕೆಲಸ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಬಟ್ಟೆ ವಿಂಗಡಿಸಿ, ಒಗೆದು, ಗುಂಡಿ ಹಚ್ಚಿ, ಇಸ್ತ್ರಿ ಮಾಡಿದರೆ ಅದು ಕೂಲಿಕಾರರ ಮೈಗೆ ಇನ್ನೊಮ್ಮೆ ಬರುತ್ತಿತ್ತು. ತೊಡಲು ಬಾರದ ಹತ್ತಿ ಬಟ್ಟೆ ಗ್ಯಾರೇಜಿನಲ್ಲಿ ಎಣ್ಣೆ ಒರೆಸಲು ಹೋಗುತ್ತಿತ್ತು. ಅಸಲಿ ಜರಿಯ ಸೀರೆ ಹರಿದರೂ ಬೆಲೆಯಿತ್ತು, ಸುಟ್ಟರೆ ಬೆಳ್ಳಿ ಸಿಗುತ್ತಿತ್ತಲ್ಲ! ಧಾರಾವಿಯ ಕುಂಭಾರವಾಡದ ಆವಿಗೆಗಳಲ್ಲಂತೂ ಚಿಂದಿಯೇ ಉರುವಲಾಗಿತ್ತು.

ಮನೆಯಲ್ಲೇ ಉಳಿದ ಹಳೆ ಸೀರೆ ಮರಾಠಿಗರಲ್ಲಿ ಗೋಧಡಿಯಾಯಿತು, ನಮ್ಮ ಉತ್ತರ ಕರ್ನಾಟಕದವರಲ್ಲಿ ಕೌದಿಯಾಯಿತು. ಹೆಸರು ಎರಡು, ಹೊಲಿಗೆ ಒಂದೇ.

ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ 1813 ರಲ್ಲಿ ಬೆಂಜಮಿನ್ ಲಾ ಎಂಬಾತ ಹಳೆ ಉಣ್ಣೆಬಟ್ಟೆಯನ್ನು ಚಿಂದಿ ಮಾಡಿ, ಅದರಿಂದ ಮತ್ತೆ ನೂಲು ತೆಗೆಯುವುದನ್ನು ಕಂಡುಹಿಡಿದ. ಇಂದು ನಮ್ಮ ಪಾಣಿಪತ್ ಅದೇ ಕಸುಬಿಗೆ ಹೆಸರುವಾಸಿ. ಅದು ಯಂತ್ರದ ಕೆಲಸ. ಮುಂಬಯಿಯಲ್ಲಿ ಅದನ್ನು ಹೆಂಗಸರ ಕಣ್ಣು, ಕೈ, ಸೂಜಿಗಳೇ ಮಾಡಿದವು.

ಈ ಸರಪಳಿಯ ಕೊಂಡಿ ಮೊದಲು ಸಡಿಲಿಸಿದ್ದು ಟೆರಿಲಿನ್, ಪಾಲಿಯೆಸ್ಟರ್. ಹರಿಯದ ಬಟ್ಟೆಯೆಂದು ನಾವೆಲ್ಲ ಹಿಗ್ಗಿದೆವು. ಆದರೆ ಅದು ನೀರು ಹೀರುವುದಿಲ್ಲ, ಕೌದಿಗೆ ಹಾಕಿದರೆ ಬೆವರು ಹೀರುವುದಿಲ್ಲ, ಸುಟ್ಟರೆ ಕರಗಿ ಗಬ್ಬು ಹೊಗೆ. ನಕಲಿ ಜರಿಯಲ್ಲಿ ಬೆಳ್ಳಿಯೂ ಇಲ್ಲ. ಅಂದರೆ ಬಟ್ಟೆಯ ಎರಡನೇ, ಮೂರನೇ ಜನ್ಮಗಳೇ ರದ್ದಾದವು. ಮೇಲಿಂದ ಹೊಸ ಬಟ್ಟೆ ಅಗ್ಗವಾಯಿತು, ಪಾತ್ರೆ ಯಾರಿಗೂ ಬೇಡವಾಯಿತು.

ಈಗ ನಮ್ಮ ಸೊಸೈಟಿಯ ಗೇಟಿನಲ್ಲಿ ಭಾಂಡಿವಾಲಿಯನ್ನು ವಾಚ್‌ಮನ್ ಒಳಗೆ ಬಿಡುವುದಿಲ್ಲ, ನಿಯಮವಂತೆ. ಅದೇ ಸೊಸೈಟಿಯ ಸಭೆಯಲ್ಲಿ ಮರುಬಳಕೆಯ ಬಗ್ಗೆ ಭಾಷಣವಾಗುತ್ತದೆ. ಒಳ್ಳೆಯ ಅಂಗಿಗಳು ಕಸದ ಲಾರಿ ಏರುತ್ತವೆ. ನಾಲ್ಕಾರು ತಲೆಮಾರು ನಡೆಸಿಕೊಂಡು ಬಂದ ಕಸುಬನ್ನು ಹೊರಗೆ ನಿಲ್ಲಿಸಿ ನಾವು ಪರಿಸರ ಉಳಿಸುವುದು ಹೇಗೆ? ಮುಂದಿನ ಸಭೆಯಲ್ಲಿ ಕೇಳಬೇಕೆಂದಿದ್ದೇನೆ. ನಿಮ್ಮ ಗೇಟಿನಲ್ಲಿ ಏನು ನಿಯಮವಿದೆ, ನೀವೂ ಒಮ್ಮೆ ವಿಚಾರಿಸಿ ನೋಡಿ.