ತಂತಿ ಎಳೆದವರು, ತಂತಿ ಕಾಯ್ದವರು

ಕಳೆದ ವರ್ಷ ಈದ್ ರಜೆಗೆ ನಾವು ಐದು ಜನ ಗೆಳೆಯರು ಮಸ್ಕತ್‌ನಿಂದ ಮುಸಂದಮ್ ಕಡೆ ಹೋಗಿದ್ದೆವು. ಖಸಬ್‌ನಲ್ಲಿ ಮರದ ದೋಣಿ ಹತ್ತಿ, ಎರಡೂ ಕಡೆ ಬೋಳು ಬೆಟ್ಟ ನಿಂತಿರುವ ಸಮುದ್ರದ ಕವಲಿನೊಳಗೆ ಹೊರಟೆವು. ಎಲ್ಲರಿಗೂ ಡಾಲ್ಫಿನ್ ನೋಡೋ ಆಸೆ. ಒಂದು ಪುಟ್ಟ ಬಂಡೆ ದ್ವೀಪದ ಹತ್ತಿರ ದೋಣಿಯವನು ಇಂಜಿನ್ ನಿಲ್ಲಿಸಿ, "ಟೆಲಿಗ್ರಾಫ್ ಐಲ್ಯಾಂಡ್" ಅಂದ. ಮೇಲೆ ಹತ್ತಿ ನೋಡಿದರೆ ಹಳೆಯ ಕಲ್ಲಿನ ತಳಪಾಯ, ಕಾದ ಬಂಡೆ, ಅಷ್ಟೇ. ನಮ್ಮ ಉಡುಪಿಯ ಹುಡುಗ, "ಅಣ್ಣಾ, ಇಲ್ಲಿ ಯಾರು ಕೆಲಸ ಮಾಡ್ತಿದ್ರು? ಮಾತಾಡೋಕೆ ಒಂದು ಮನುಷ್ಯ ಸಹ ಇಲ್ಲ" ಅಂದ.

1864ರಲ್ಲಿ ಬ್ರಿಟಿಷರು ಫಾವ್‌ನಿಂದ ಗ್ವಾದರ್ ಕಡೆಗೆ ಈ ಕೊಲ್ಲಿಯ ನೀರಿನಡಿ ತಂತಿ ಹಾಕಿದಾಗ ಆ ದ್ವೀಪದಲ್ಲಿ ಒಂದು ಸ್ಟೇಷನ್ ಮಾಡಿದ್ದರು. ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟುಹೋದರು. ಆದರೆ ಕೊಲ್ಲಿಯ ತಂತಿ ಉಳಿಯಿತು. 1870ರಲ್ಲಿ ಲಂಡನ್ನಿನಿಂದ ಕಲ್ಕತ್ತಾಕ್ಕೆ ಹೊಸ ತಂತಿ ಮಾರ್ಗ ಶುರುವಾದಾಗ ಅದರ ಸುದ್ದಿಯೂ ಈ ಕೊಲ್ಲಿಯ ನೀರಿನಡಿಯೇ ಹಾದುಹೋಯಿತು. ಆ ಮಾರ್ಗ ಕಟ್ಟಿದವರ ಹೆಸರು ಓದಿ ನನಗೆ ನಗು ಬಂತು. ಹನ್ನೆರಡು ವರ್ಷದಿಂದ ಸಬ್‌ಸ್ಟೇಷನ್ನಿನಲ್ಲಿ ದಿನಾ ನಾನು ಒರೆಸುವ ರಿಲೇ ಪ್ಯಾನಲ್ ಮೇಲಿರೋದೂ ಅದೇ ಹೆಸರು: ಸೀಮೆನ್ಸ್. ನಾನು ಆ ಕಂಪನಿಯ ನೌಕರನಲ್ಲ. ಅವರ ಯಂತ್ರ ಇರುವ ಜಾಗದಲ್ಲಿ ಮೇಂಟೆನೆನ್ಸ್ ಮಾಡುವ ಗುತ್ತಿಗೆದಾರನ ಕೆಳಗೆ ದುಡಿಯುವವನು. ಆದರೂ ಕುತೂಹಲ ಹಿಡೀತು. ಡ್ಯೂಟಿ ಮುಗಿದ ಮೇಲೆ ಓದಿದ್ದನ್ನು ನಮ್ಮವರ ಜೊತೆ ಹಂಚಿಕೊಳ್ಳೋಣ ಅಂತ ಈ ಲೇಖನ.

1847ರ ಅಕ್ಟೋಬರ್. ಬರ್ಲಿನ್ನಿನ ಶೋನೆಬೆರ್ಗರ್ ಬೀದಿಯ ಒಂದು ಹಿತ್ತಿಲ ಕಟ್ಟಡ. ಪ್ರಷ್ಯಾ ಸೈನ್ಯದ ಫಿರಂಗಿ ದಳದ ಅಧಿಕಾರಿ ವರ್ನರ್ ಸೀಮೆನ್ಸ್, ಕೈಗೆಲಸದಲ್ಲಿ ಪಳಗಿದ ಯೋಹಾನ್ ಗೇಯೋರ್ಗ್ ಹಾಲ್ಸ್ಕೆ ಇಬ್ಬರೂ ಸೇರಿ ಟೆಲಿಗ್ರಾಫ್ ಯಂತ್ರ ಮಾಡುವ ವರ್ಕ್‌ಶಾಪ್ ತೆರೆದರು. ಬಂಡವಾಳ ಕೊಟ್ಟವನು ವರ್ನರ್‌ನ ದಾಯಾದಿ. ಕೆಲಸಗಾರರು ಹತ್ತು ಜನ. ಬರ್ಲಿನ್–ಫ್ರಾಂಕ್‌ಫರ್ಟ್ ಲೈನ್ ಅವರ ಮೊದಲ ದೊಡ್ಡ ಕೆಲಸ. 1849ರಲ್ಲಿ ಅದು ಓಡಿತು, ಹೆಸರೂ ಬಂತು.

ಆಮೇಲೆ ಏಟು ಬಿತ್ತು. ಅವಸರದಲ್ಲಿ, ಕಡಿಮೆ ಖರ್ಚಿನಲ್ಲಿ, ಮೇಲೆ ಸರಿಯಾದ ಕವಚವಿಲ್ಲದೆ ನೆಲದಲ್ಲಿ ಹೂತಿದ್ದ ತಂತಿಗಳು ಕೆಡತೊಡಗಿದವು. ತಪ್ಪು ಯಾರದು ಅಂತ ಜಗಳ. ವರ್ನರ್ ಸುಮ್ಮನಿರದೆ 1851ರಲ್ಲಿ ಒಂದು ಪುಸ್ತಿಕೆಯನ್ನೇ ಅಚ್ಚು ಹಾಕಿಸಿದ. ಸರ್ಕಾರಿ ಟೆಲಿಗ್ರಾಫ್ ಇಲಾಖೆಗೆ ಸಿಟ್ಟು ಬಂದು ಆರ್ಡರ್ ನಿಂತೇಹೋಯಿತು. ಊರಲ್ಲಿ ಕೆಲಸ ಸಿಗದಿದ್ದಾಗ ನಮ್ಮಂಥವರು ಏನು ಮಾಡ್ತೀವಿ? ಪಾಸ್‌ಪೋರ್ಟ್ ಮಾಡಿಸ್ತೀವಿ. ಈ ಕಂಪನಿಯೂ ಅದನ್ನೇ ಮಾಡಿತು. ದೊಡ್ಡ ಕಂಪನಿಗಳು ಹೊರದೇಶಕ್ಕೆ ಹೋಗೋದು ದುಡ್ಡು ಹೆಚ್ಚಾಗಿ ಅಂತ ನಾನು ತಿಳಿದಿದ್ದೆ. ಇಲ್ಲಿ ಮನೆಯ ಬಾಗಿಲು ಮುಚ್ಚಿದ್ದೂ ಒಂದು ಕಾರಣ.

ಹೊರಗೆ ಕಳಿಸಲು ನಂಬಿಕಸ್ತರು ಬೇಕಲ್ಲ? ವರ್ನರ್‌ಗೆ ತಮ್ಮಂದಿರಿದ್ದರು. ವಿಲಿಯಂ ಆಗಲೇ ಲಂಡನ್ನಿನಲ್ಲಿದ್ದ. 1850ರಿಂದ ಅಣ್ಣನ ಕಂಪನಿಗೆ ಅಲ್ಲಿ ಏಜೆಂಟ್ ಆದ. ಇನ್ನೊಬ್ಬ ತಮ್ಮ ಕಾರ್ಲ್ 1853ರಲ್ಲಿ ರಷ್ಯಾಕ್ಕೆ ಹೊರಟಾಗ ಇಪ್ಪತ್ನಾಲ್ಕು ವರ್ಷದ ಹುಡುಗ. ಅದೇ ಹೊತ್ತಿಗೆ ಕ್ರಿಮಿಯಾ ಯುದ್ಧ ಬಂತು. ಚಕ್ರವರ್ತಿಗೆ ರಾಜಧಾನಿಯಿಂದ ಯುದ್ಧಭೂಮಿಗೆ ತಂತಿ ಬೇಕು, ಅದೂ ಬೇಗ. ಫಿನ್ಲೆಂಡಿನಿಂದ ಕ್ರಿಮಿಯಾವರೆಗೆ ಸುಮಾರು 10,000 ಕಿಲೋಮೀಟರ್ ಜಾಲ ಕೆಲವೇ ವರ್ಷದಲ್ಲಿ ಎದ್ದು ನಿಂತಿತು. 1855ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಂಪನಿಯ ಶಾಖೆಯೇ ತೆರೆಯಿತು.

ಲೈನ್ ಎಳೆದ ಲಾಭದ ಜೊತೆಗೆ ಇನ್ನೊಂದು ಒಪ್ಪಂದವೂ ಕೈಗೆ ಬಂತು. ಎಳೆದ ಲೈನನ್ನು 1867ರವರೆಗೆ ನೋಡಿಕೊಳ್ಳುವುದು. ಈಗ ನಾವು ಮೇಂಟೆನೆನ್ಸ್ ಕಾಂಟ್ರಾಕ್ಟ್ ಅಂತೀವಲ್ಲ, ಅದೇ. ವರ್ಷ ವರ್ಷ ತಪ್ಪದೆ ಬಂದ ಆ ದುಡ್ಡಿನಿಂದ ಕಂಪನಿಯ ಬೇರು ಗಟ್ಟಿಯಾಯಿತು.

ಆದರೆ ಆ ಕಾಡಿನಲ್ಲಿ, ಹಿಮದಲ್ಲಿ ಸಾವಿರಾರು ಕಿಲೋಮೀಟರ್ ಕಾಯೋರು ಯಾರು? ದಾರಿಯುದ್ದಕ್ಕೂ ಕಾವಲು ಮನೆಗಳನ್ನು ಕಟ್ಟಿ, ಸ್ಥಳೀಯ ಕಾವಲುಗಾರರನ್ನು ಇಟ್ಟರು. ಅವರು ಓದು ಬರಹ, ಟೆಲಿಗ್ರಾಫ್ ವಿದ್ಯೆ ಕಲಿತವರಲ್ಲ. ಅದಕ್ಕೆ ವರ್ನರ್ ಒಂದು ಸರಳ ಉಪಕರಣ ಮಾಡಿಸಿದ. ಲೈನಿನಲ್ಲಿ ಕರೆಂಟ್ ಓಡಿದರೆ ಸೂಜಿ ಅಲ್ಲಾಡುತ್ತೆ. ಅಲ್ಲಾಡದಿದ್ದರೆ ಎಲ್ಲೋ ತುಂಡಾಗಿದೆ, ಎದ್ದು ನೋಡು. ನಮ್ಮ ಕಂಟ್ರೋಲ್ ರೂಮಿನ ಅಲಾರಂನ ಅಜ್ಜ ಅಂತಿಟ್ಟುಕೊಳ್ಳಿ. ಇನ್ನೊಂದು ಸ್ವಾರಸ್ಯ: ಆ ದೇಶದಲ್ಲಿ ಸಮವಸ್ತ್ರವಿಲ್ಲದವನ ಮಾತಿಗೆ ಬೆಲೆಯಿಲ್ಲ ಅಂತ ತಿಳಿದು, ಕಂಪನಿ ತನ್ನ ನೌಕರರಿಗೆ ಸಮವಸ್ತ್ರ ತೊಡಲು ಅಪ್ಪಣೆ ಪಡೆಯಿತು. ಕೊರಳಲ್ಲಿ ಬ್ಯಾಡ್ಜ್ ಇಲ್ಲದೆ ಗೇಟ್ ದಾಟಲಾಗದ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ!

ನನ್ನ ಅಪ್ಪ ಸಕಲೇಶಪುರದ ಕಡೆ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದರು. ಜೂನ್ ಬಂದರೆ ಮರ ಬೀಳೋದು, ತಂತಿ ಕಡಿಯೋದು. ರಾತ್ರಿ ಕಂಬಳಿ ಕೊಪ್ಪೆ ಹಾಕ್ಕೊಂಡು ಟಾರ್ಚ್ ಹಿಡಿದು ಹೊರಟುಬಿಡೋರು. "ಲೈನ್ ಎಳೆದವನ ಹೆಸರು ಕಲ್ಲಲ್ಲಿ ಕೆತ್ತುತ್ತಾರೆ ಮಗಾ, ಲೈನ್ ಕಾಯೋನ ಹೆಸರು ಕರೆಂಟ್ ಹೋದಾಗ ಮಾತ್ರ ನೆನಪಾಗುತ್ತೆ" ಅನ್ನೋರು. ರಷ್ಯಾದ ಆ ಕಾವಲುಗಾರರ ಬಗ್ಗೆ ಓದುವಾಗ ನನಗೆ ಅಪ್ಪನ ಕೊಪ್ಪೆಯೇ ಕಣ್ಣಿಗೆ ಕಟ್ಟಿತು.

ಕಂಪನಿಯೊಳಗೂ ಎಲ್ಲರಿಗೂ ಹೊರದೇಶದ ವ್ಯವಹಾರ ಇಷ್ಟವಿರಲಿಲ್ಲ. ಲಂಡನ್ ಶಾಖೆ ಸಮುದ್ರದಡಿ ಕೇಬಲ್ ಹಾಕುವ ಕೆಲಸಕ್ಕೆ ಇಳಿಯಿತು; 1863ರಲ್ಲಿ ವೂಲಿಚ್‌ನಲ್ಲಿ ಕೇಬಲ್ ಕಾರ್ಖಾನೆ ತೆರೆಯಿತು. ಮುಂದಿನ ವರ್ಷ ಸ್ಪೇನಿನ ಕಾರ್ಟಜೀನಾ ಮತ್ತು ಆಲ್ಜೀರಿಯಾದ ಓರಾನ್ ನಡುವೆ ಹಾಕಲು ಹೋದ ಕೇಬಲ್ ತುಂಡಾಗಿ ಭಾರಿ ನಷ್ಟವಾಯಿತು. ಎಚ್ಚರಿಕೆಯ ಮನುಷ್ಯ ಹಾಲ್ಸ್ಕೆಗೆ ಈ ಜೂಜು ಸಾಕಾಯಿತು. 1867ರ ಕೊನೆಗೆ ಅವನು ಪಾಲುದಾರಿಕೆ ಬಿಟ್ಟ. ಅಣ್ಣತಮ್ಮಂದಿರು ಮುಂದುವರಿದರು.

ಆಗ ಬಂದದ್ದೇ ಭಾರತದ ಮಾರ್ಗ. 1857ರ ದಂಗೆಯ ನಂತರ ಬ್ರಿಟಿಷರಿಗೆ ಭಾರತದ ಸುದ್ದಿ ಬೇಗ ಬೇಕಿತ್ತು. ತುರ್ಕಿಯ ಮೂಲಕ ಹೋಗುವ ತಂತಿ ಇತ್ತು, ಆದರೆ ಇಂಗ್ಲಿಷ್ ಬಾರದ ಆಪರೇಟರ್‌ಗಳ ಕೈಯಿಂದ ಕೈಗೆ ದಾಟಿ ಸುದ್ದಿ ದಿನಗಟ್ಟಲೆ ತಡವಾಗಿ, ಅರ್ಥ ಕೆಟ್ಟು ತಲುಪುತ್ತಿತ್ತು. ಮೂವರು ಅಣ್ಣತಮ್ಮಂದಿರು ಪ್ರಷ್ಯಾ, ರಷ್ಯಾ, ಪರ್ಷಿಯಾ ಸರ್ಕಾರಗಳ ಒಪ್ಪಿಗೆ ಪಡೆದು, ಲಂಡನ್ನಿನಲ್ಲಿ ಒಂದು ಪ್ರತ್ಯೇಕ ಕಂಪನಿ ಮಾಡಿ, ಸುಮಾರು ಎರಡು ವರ್ಷದಲ್ಲಿ ಕೆಲಸ ಮುಗಿಸಿದರು. ಬರ್ಲಿನ್, ವಾರ್ಸಾ, ಒಡೆಸ್ಸಾ, ಟಿಫ್ಲಿಸ್, ಟೆಹರಾನ್. ಅಲ್ಲಿಂದ ಮುಂದೆ ಬ್ರಿಟಿಷರ ತಂತಿ, ನಮ್ಮ ಈ ಕೊಲ್ಲಿ, ಕರಾಚಿ, ಕಲ್ಕತ್ತಾ. ಒಟ್ಟು ಸುಮಾರು 11,000 ಕಿಲೋಮೀಟರ್. 1870ರ ಏಪ್ರಿಲ್ 12ರಂದು ಲಂಡನ್ನಿನಿಂದ ಕಲ್ಕತ್ತಾಕ್ಕೆ ಸುದ್ದಿ 28 ನಿಮಿಷದಲ್ಲಿ ಹೋಯಿತು. ಕೆಲವೇ ತಿಂಗಳಲ್ಲಿ ಭೂಕಂಪವಾಗಿ ಕಪ್ಪು ಸಮುದ್ರದ ಕೇಬಲ್ ಹಾಳಾಯಿತು. ಅದನ್ನು ಬಿಟ್ಟು ನೆಲದ ಮೇಲೆ ತಂತಿ ಎಳೆದರು. ಮಾರ್ಗ 1931ರವರೆಗೆ ಬದುಕಿತು. ಅಂದರೆ ಅರವತ್ತು ವರ್ಷ ಯಾರೋ ಅದನ್ನು ಕಾಯ್ದಿದ್ದಾರೆ.

ಆ ಮುಂದಿನ ಕಥೆ ಏರುಪೇರಿನದು. 1872ರಲ್ಲಿ ಕಂಪನಿ ನೌಕರರಿಗೆ ಪಿಂಚಣಿ, ವಿಧವೆಯರು ಮತ್ತು ಅನಾಥ ಮಕ್ಕಳಿಗೆ ನೆರವು ಕೊಡುವ ನಿಧಿ ಶುರು ಮಾಡಿತು. ಆ ಕಾಲಕ್ಕೆ ಅದು ದೊಡ್ಡ ಮಾತು. ಮೊದಲ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಕಂಪನಿ, ಆಮೇಲೆ ಕ್ರಾಂತಿಯಲ್ಲಿ ರಷ್ಯಾದ ಕಂಪನಿ ಎರಡೂ ಕೈಬಿಟ್ಟವು. ಮತ್ತೆ ಮೊದಲಿನಿಂದ ಕಟ್ಟಿದರು. 1925ರಿಂದ 1929ರವರೆಗೆ ಐರ್ಲೆಂಡಿನ ಶಾನನ್ ನದಿಗೆ ಜಲವಿದ್ಯುತ್ ಕೇಂದ್ರ ಕಟ್ಟಿದಾಗ, ವಾರಕ್ಕೆ 32 ಶಿಲ್ಲಿಂಗ್ ಕೂಲಿ ಸಾಲದು ಅಂತ ಅಲ್ಲಿನ ಕೂಲಿಗಳು ಮುಷ್ಕರ ಹೂಡಿದರು. ಎರಡನೇ ಮಹಾಯುದ್ಧದಲ್ಲಂತೂ ಸೆರೆಶಿಬಿರದ ಕೈದಿಗಳೂ ಸೇರಿ ಹತ್ತಾರು ಸಾವಿರ ಜನರನ್ನು ಬಲವಂತವಾಗಿ ದುಡಿಸಿಕೊಂಡರು. ಪಿಂಚಣಿ ಕೊಟ್ಟದ್ದೂ ಇತಿಹಾಸ, ಇದೂ ಇತಿಹಾಸ. ಒಂದನ್ನು ಹೇಳಿ ಇನ್ನೊಂದನ್ನು ಬಿಡಬಾರದು. ಯುದ್ಧ ಮುಗಿದ ಮೇಲೆ ಮತ್ತೆ ಎದ್ದರು. ಭಾರತದಲ್ಲಿ 1957ರಲ್ಲಿ ಕಂಪನಿ ನೋಂದಣಿಯಾಯಿತು. ಈಗ ನಮ್ಮ ಬೆಂಗಳೂರಿನಲ್ಲೂ ಅವರ ಸಾಫ್ಟ್‌ವೇರ್ ಕೆಲಸ ನಡೆಯುತ್ತೆ.

ಇಷ್ಟೆಲ್ಲ ಓದಿದ ಮೇಲೂ ಒಂದು ವಿಷಯ ಮನಸ್ಸಿನಲ್ಲಿ ಉಳಿಯಿತು. ವರ್ನರ್, ವಿಲಿಯಂ, ಕಾರ್ಲ್ ಬರೆದುಕೊಂಡ ಕಾಗದಗಳು ಇವೆ. ವರ್ನರ್ ಆತ್ಮಕಥೆಯನ್ನೇ ಬರೆದ. ಸೂಜಿ ನೋಡುತ್ತಾ ಕೂತ ಕಾವಲುಗಾರನ ಹೆಸರು ನಾನು ಓದಿದ ಯಾವ ಪುಟದಲ್ಲೂ ಸಿಗಲಿಲ್ಲ.

ನಾನು ಮೊದಲು ಬಂದ ಕಂಪನಿಯಲ್ಲಿ ನಾವು ಮೂವತ್ತು ಜನರಿದ್ದೆವು. ಅವರ ಮೇಂಟೆನೆನ್ಸ್ ಕಾಂಟ್ರಾಕ್ಟ್ ಬೇರೆಯವರ ಪಾಲಾಯಿತು. ಒಂದೇ ತಿಂಗಳಲ್ಲಿ ಕ್ಯಾಂಪ್ ಖಾಲಿ. ಹತ್ತೊಂಬತ್ತು ವರ್ಷ ದುಡಿದಿದ್ದ ನಮ್ಮ ಹಿರಿಯರೊಬ್ಬರು ಗ್ರಾಚ್ಯುಟಿಗಾಗಿ ಊರಿನಿಂದ ಎಂಟು ತಿಂಗಳು ಫೋನ್ ಮಾಡಿದರು. ಸರ್ವಿಸ್ ಪ್ರಾರಂಭದ ದಿನಾಂಕಕ್ಕೆ ದಾಖಲೆ ಎಲ್ಲಿದೆ ಅಂತ ಆಫೀಸಿನವರು ಕೇಳುತ್ತಿದ್ದರು. ಅವರ ಟ್ರಂಕಿನಲ್ಲಿದ್ದ ಹಳೆಯ ಅಪಾಯಿಂಟ್‌ಮೆಂಟ್ ಲೆಟರ್ ಸಿಕ್ಕಿದ ಮೇಲೆಯೇ ದುಡ್ಡು ಬಂದದ್ದು.

ಅದಕ್ಕೇ ನನ್ನ ವಿನಂತಿ. ನಿಮ್ಮ ಲೆಟರ್, ಹಳೆಯ ಐಡಿ, ಸಂಬಳದ ಚೀಟಿ ಜೋಪಾನವಾಗಿಡಿ. ಅದರ ಜೊತೆಗೆ ಯಾವ ವರ್ಷ ಬಂದಿರಿ, ಯಾವ ಸೈಟಿನಲ್ಲಿ ಏನು ಕಟ್ಟಿದಿರಿ, ಜೊತೆಗೆ ಯಾರಿದ್ದರು ಅಂತ ಒಂದು ಪುಟವಾದರೂ ಬರೆದು ಮುಂದಿನ ವರ್ಷದ ಸಂಚಿಕೆಗೆ ಕೊಡಿ. ಬರೆಯಲು ಬಾರದವರು ಹೇಳಿ, ನಾನು ಬರೆದುಕೊಳ್ಳುತ್ತೇನೆ. ಶುಕ್ರವಾರ ನನಗೆ ರಜೆ.